ಒಂದು ಹೂಂ ಹೆಚ್ಚಾಯಿತು

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಮನುಷ್ಯನ ಜೊತೆ ಜಗಳ ಕಾಯಲು ಆಗುವುದಿಲ್ಲ. ಅವನನ್ನು ಪ್ರೀತಿಸುವುದು ಅದಕ್ಕಿಂತ ಕಷ್ಟ. ನಮ್ಮ ದರ್ಜಿ ಬೆಳಗ್ಗೆ ಅಂಗಡಿಯ ಷಟರ್ ಎತ್ತಿ, ದೀಪ ಹಾಕಿ, ಟೇಪನ್ನು ಕೊರಳಿಗೆ ಹಾಕಿಕೊಂಡ ಮೇಲೆ ಮಾಡುವ ಮೊದಲ ಕೆಲಸವೆಂದರೆ ಐದಾರು ಗುಂಡುಸೂಜಿಗಳನ್ನು ತುಟಿಗಳ ನಡುವೆ ಸಿಕ್ಕಿಸಿಕೊಳ್ಳುವುದು. ಅಲ್ಲಿಂದ ಅಂಗಡಿ ಮುಚ್ಚುವವರೆಗೆ ಅವನ ಭಾಷೆಯಲ್ಲಿ ಉಳಿಯುವುದು ಎರಡೇ ಪದ. ಒಂದು ಹೂಂ, ಇನ್ನೊಂದು ಊಂಹೂಂ. "ಸೊಂಟ ಚೂರು ಸಡಿಲ ಬಿಡ್ತೀರಾ?" ಹೂಂ. "ನಾಳೆ ಸಿಗುತ್ತಾ?" ಊಂಹೂಂ. "ನಾಡಿದ್ದು?" ಹೂಂ. ಇಷ್ಟರಲ್ಲೇ ಒಂದಿಡೀ ಸಂಸಾರದ ಬಟ್ಟೆ ಹೊಲಿದು ಮುಗಿಯುತ್ತಿತ್ತು. ಲೋಕದಲ್ಲಿ ಎಷ್ಟು ಮಾತು ದಂಡವಾಗುತ್ತಿದೆ ಎಂದು ತಿಳಿಯಬೇಕಾದವರು ಅವನ ಅಂಗಡಿಯಲ್ಲಿ ಅರ್ಧ ಗಂಟೆ ಕೂರಬೇಕು.

ಬೀದಿಯವರು ಅವನಿಗೆ ಗುಂಡುಸೂಜಿ ಎಂದೇ ಹೆಸರಿಟ್ಟಿದ್ದರು. ಸೂಜಿ ಚುಚ್ಚಿಡಲು ಒಂದು ಮೆತ್ತೆ ಇರಲಿಲ್ಲವೇ ಎಂದರೆ, ಇತ್ತು. ಅವನ ಅಕ್ಕ ಮಣಿಕಟ್ಟಿಗೆ ಕಟ್ಟಿಕೊಳ್ಳುವಂಥದ್ದನ್ನೇ ಹೊಲಿದು ಕೊಟ್ಟಿದ್ದಳು. ಅದನ್ನು ಅವನು ಮೊಳೆಗೆ ನೇತುಹಾಕಿ ದೂರದಿಂದ ಗೌರವಿಸುತ್ತಿದ್ದ. ಅಕ್ಕ ಅಂಗಡಿಯ ಮೇಲಿನ ಮನೆಯಲ್ಲಿ ತಮ್ಮನ ಜೊತೆಯೇ ಇದ್ದಳು. ಹೊಲಿದ ಬಟ್ಟೆಗೆ ಇಸ್ತ್ರಿ ಹಾಕಿ ಗಿರಾಕಿಗಳ ಕೈಗೆ ಕೊಡುವುದು ಅವಳ ಕೆಲಸ. ಅದಕ್ಕಿಂತ ದೊಡ್ಡ ಕೆಲಸ, ತಮ್ಮನ ಹೂಂಗಳಿಗೆ ಭಾಷ್ಯ ಹೇಳುವುದು. "ಈಗ ಅಂದ್ನಲ್ಲ ಹೂಂ, ಅದು ಆಗುತ್ತೆ ಅಂತಲ್ಲ. ಕೇಳಿಸ್ಕೊಂಡೆ ಅಂತ ಅಷ್ಟೆ" ಎಂದು ಅವಳು ಗಿರಾಕಿಗಳಿಗೆ ಬಿಡಿಸಿ ಹೇಳುತ್ತಿದ್ದಳು. ಐವತ್ತು ದಾಟಿದರೂ ತಮ್ಮನಿಗೆ ಮದುವೆ ಆಗಿರಲಿಲ್ಲ. ವಯಸ್ಸಿನಲ್ಲಿ ಒಂದೆರಡು ಸಂಬಂಧ ಬಂದಿದ್ದವು; ಇವನ ಬಾಯಿಂದ ಒಪ್ಪಿಗೆಯ ಮಾತು ಹೊರಡಲಿ ಎಂದು ಕಾದು ಕಾದು ಹೆಣ್ಣಿನ ಕಡೆಯವರು ಬೇರೆ ದಾರಿ ನೋಡಿಕೊಂಡಿದ್ದರು.

ಪಕ್ಕದ್ದು ಗುಂಡಿಯಂಗಡಿ. ಎರಡು ಅಂಗಡಿಗಳ ನಡುವಿನ ಗೋಡೆಯಲ್ಲಿ ಒಂದು ಬಾಗಿಲು, ಅದಕ್ಕೆ ಆಚೆ ಕಡೆಯಿಂದ ಮಾತ್ರ ಚಿಲಕ. ಆಚೆ ನೆಲದಿಂದ ತಾರಸಿವರೆಗೆ ಸಣ್ಣ ಸಣ್ಣ ಡ್ರಾಯರುಗಳು. ಪ್ರತಿಯೊಂದರ ಮೂತಿಗೂ ಒಳಗಿರುವ ಗುಂಡಿಯ ಮಾದರಿ ಅಂಟಿಸಿತ್ತು. ಜಿಪ್ಪು, ಹುಕ್ಕು, ಎಲಾಸ್ಟಿಕ್ಕು, ಲೇಸು, ದಾರ ಎಲ್ಲವೂ ಅಲ್ಲಿ ಸಿಗುತ್ತಿತ್ತು. ಗಲ್ಲಾದ ಹಿಂದಿನ ಗೋಡೆಗೆ ಒಂದು ಬೋರ್ಡು: "ಕತ್ತರಿಸಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ." ಅಂಗಡಿಯಾಕೆ ಗಂಡ ತೀರಿಕೊಂಡ ಮೇಲೆ ಒಬ್ಬಳೇ ಅದನ್ನು ನಡೆಸಿಕೊಂಡು ಬಂದಿದ್ದಳು. ನೇರ ಮಾತಿನ ಹೆಂಗಸು, ನಕ್ಕರೆ ಡ್ರಾಯರುಗಳೆಲ್ಲ ಅದುರಬೇಕು. ದಿನಕ್ಕೆ ಹತ್ತು ಸಲ ಆ ನಡುಬಾಗಿಲಿನಿಂದ ಬಂದು, ಇವನ ಮೇಜಿಗೆ ಒರಗಿ, ಬೀದಿಯ ಸಮಾಚಾರವನ್ನೆಲ್ಲ ಹೇಳಿ ಹೋಗುತ್ತಿದ್ದಳು. ಇವನು ಹೂಂಗುಟ್ಟುತ್ತಿದ್ದ. ಕಥೆ ಹೇಳುವವರಿಗೆ ಹೂಂಗುಟ್ಟುವವರು ಸಿಕ್ಕರೆ ಅದಕ್ಕಿಂತ ಸುಖವಿಲ್ಲ. ಆಕೆ ಬರದ ದಿನ ಇವನ ಹೊಲಿಗೆ ಡೊಂಕಾಗುತ್ತಿತ್ತು. ಇದು ಅಕ್ಕನಿಗೆ ಗೊತ್ತಿತ್ತು, ಇಡೀ ಬೀದಿಗೆ ಗೊತ್ತಿತ್ತು, ಅವನು ಮಾತ್ರ ಮಷಿನ್ನಿಗೆ ಎಣ್ಣೆ ಸಾಲದು ಅಂದುಕೊಂಡಿದ್ದ.

ಒಂದು ಮಧ್ಯಾಹ್ನ ಅವನು ಮಂಡಿಯೂರಿ ಕೂತಿದ್ದ. ಬೊಂಬೆಯ ಮೈಮೇಲೆ ನೆಲ ಗುಡಿಸುವಷ್ಟು ಉದ್ದದ ಗೌನು. ಅದರ ಒಳಅಂಚಿಗೆ ಸೂಜಿ ಹಾಕಲು ಮೈಯನ್ನೆಲ್ಲ ಗೌನಿನೊಳಗೆ ತೂರಿಸಿದ್ದ. ಹೊರಗೆ ಕಾಣುತ್ತಿದ್ದದ್ದು ಅವನ ಪಾದ ಮಾತ್ರ. ಆಕೆ ಬಂದಳು. ಎಂದಿನಂತೆ ಮೇಜಿಗೆ ಒರಗಲಿಲ್ಲ.

"ಟೈಲರ್ರೇ, ಒಂದು ಮಾತು ಕೇಳ್ಬೇಕು. ಅಂಗಡಿ ಕರಾರು ಈ ತಿಂಗಳಿಗೆ ಮುಗಿಯುತ್ತೆ. ತಂಗಿ ತನ್ನೂರಿಗೆ ಬಾ ಅಂತ ಕರೀತಿದ್ದಾಳೆ, ಅವಳ ಅಂಗಡೀಲೇ ಒಂದು ಮೂಲೆ ಬಿಟ್ಟುಕೊಡ್ತಾಳಂತೆ. ನನಗೆ ಹೋಗೋಕೆ ಮನಸ್ಸಿಲ್ಲ. ಆದ್ರೆ ಇಲ್ಲೇ ಇರೋಕೂ ಒಂದು ಕಾರಣ ಬೇಕಲ್ವಾ?" ಎಂದಳು. ಸ್ವಲ್ಪ ತಡೆದು, ಒಂದೇ ಉಸಿರಿಗೆ ಮುಗಿಸಿದಳು. "ನಾವಿಬ್ರೂ ಮದುವೆ ಆಗೋಣ ಅಂತ ನನಗೆ ಅನ್ಸಿದೆ. ನಿಮಗೂ ಒಪ್ಪಿಗೆ ಇದ್ರೆ ಹೇಳಿ."

ಗೌನಿನೊಳಗೆ ದರ್ಜಿಗೆ ಆಕಾಶ ಮೂರೇ ಗೇಣು ಉಳಿಯಿತು. ಇಷ್ಟು ವರ್ಷ ತನಗೇ ಗೊತ್ತಿಲ್ಲದೆ ಯಾವುದನ್ನು ಕಾಯುತ್ತಿದ್ದನೋ ಅದು ತಾನಾಗಿ ನಡೆದು ಬಂದು ಕೇಳುತ್ತಿತ್ತು. ಜೋರಾಗಿ ತಲೆಯಾಡಿಸಿದ, ಯಾರಿಗೂ ಕಾಣಲಿಲ್ಲ. "ಹೂಂ" ಅಂದ. ಅಷ್ಟು ಬಟ್ಟೆಯ ಒಳಗಿನಿಂದ ಕೇಳಿಸಿತೋ ಇಲ್ಲವೋ ಎಂದು ದಿಗಿಲಾಯಿತು. ಗಟ್ಟಿ ಇರಲಿ ಎಂದು, ಉಸಿರು ಬಿಡುವಷ್ಟೂ ಸಮಯ ಕೊಡದೆ, ಇನ್ನೊಂದು "ಹೂಂ" ಸೇರಿಸಿದ.

"ಸರಿ. ಕೇಳಿದ್ದಕ್ಕೆ ಬೇಜಾರು ಮಾಡ್ಕೋಬೇಡಿ" ಎಂದಳು ಆಕೆ. ಚಪ್ಪಲಿ ಸದ್ದು, ಬಾಗಿಲು ಮುಚ್ಚಿದ ಸದ್ದು, ಆಮೇಲೆ ಚಿಲಕದ ಸದ್ದು. ಇವನು ಎದ್ದು ಓಡಲು ಹೋದರೆ ಬೊಂಬೆಯೂ ಹಿಂದೆ ಬಂತು. ಗಡಿಬಿಡಿಯಲ್ಲಿ ತನ್ನ ಅಂಗಿಯ ತೋಳನ್ನೇ ಗೌನಿಗೆ ಸೇರಿಸಿ ಸೂಜಿ ಹಾಕಿಕೊಂಡಿದ್ದ.

ಬೇಜಾರು ಯಾಕಂತೆ? ದರ್ಜಿಗೆ ಅದು ನಾಚಿಕೆಯ ಮಾತಿನಂತೆ ಕೇಳಿಸಿತು. ಕೇಳಬೇಕಾದ್ದನ್ನು ಆಕೆ ಕೇಳಿದ್ದಾಳೆ, ಹೇಳಬೇಕಾದ್ದನ್ನು ತಾನು ಹೇಳಿದ್ದೇನೆ, ಅದೂ ಒಂದಕ್ಕೆ ಎರಡು. ಇನ್ನು ನಾಚಿಕೆ ಇಳಿದ ಮೇಲೆ ಚಿಲಕ ತಾನಾಗಿ ತೆರೆಯುತ್ತದೆ. ಹೀಗೆಂದುಕೊಂಡು ಅವನು ಕಪಾಟಿನ ತಳದಿಂದ, ಯಾವ ಗಿರಾಕಿಗೂ ತೋರಿಸದೆ ಇಟ್ಟುಕೊಂಡಿದ್ದ ಒಂದು ಕಡುನೀಲಿ ಉಣ್ಣೆಯ ಬಟ್ಟೆ ತೆಗೆದ. ಆಕೆಗೊಂದು ಕೋಟು ಹೊಲಿಯಬೇಕು. ಅಳತೆ ತೆಗೆದುಕೊಳ್ಳುವ ಪ್ರಮೇಯವೇ ಇರಲಿಲ್ಲ. ಆಕೆಯ ಬಲಭುಜ ಎಡಕ್ಕಿಂತ ಕೂದಲೆಳೆಯಷ್ಟು ತಗ್ಗು ಎಂಬುದು ಆಕೆಗೇ ತಿಳಿಯದಿರಬಹುದು, ಇವನಿಗೆ ತಿಳಿದಿತ್ತು. ಅಂದೇ ಕತ್ತರಿ ಹಾಕಿದ. ಮುಂದಿನ ಕೆಲವು ದಿನ ಸೂಜಿಗಳ ಸಂದಿಯಲ್ಲೇ ಸಿಳ್ಳೆ ಹೊಡೆಯುತ್ತ ಹೊಲಿದ. ಆಚೆ ಕಡೆಯಿಂದ ಡ್ರಾಯರುಗಳು ತೆರೆಯುವ, ಪೆಟ್ಟಿಗೆ ಎಳೆಯುವ ಸದ್ದು ಬರುತ್ತಿತ್ತು. ಮದುವೆಗೆ ಮುಂಚೆ ಅಂಗಡಿ ಚೊಕ್ಕಟ ಮಾಡುತ್ತಿದ್ದಾಳೆ ಎಂದು ಅವನು ಮನಸ್ಸಿನಲ್ಲೇ ಮೆಚ್ಚಿಕೊಂಡ.

ಅಕ್ಕ ಒಂದು ದಿನ ಇಸ್ತ್ರಿಪೆಟ್ಟಿಗೆಯನ್ನು ದಢಕ್ಕನೆ ಇಟ್ಟಳು.

"ಏನೋ ತಮ್ಮ, ಅಷ್ಟು ಒಳ್ಳೆ ಹೆಂಗಸು ಬಾಯಿಬಿಟ್ಟು ಕೇಳಿದ್ರೆ ಒಲ್ಲೆ ಅಂದ್ಯಂತಲ್ಲ!"

ದರ್ಜಿಯ ಬಾಯಿಂದ ಸೂಜಿಗಳು ನೆಲಕ್ಕೆ ಉದುರಿದವು. "ಯಾರಂದ್ರು?"

"ಅವಳೇ ಅಂದ್ಳು. ಸಾಮಾನು ಕಟ್ಟಿ ಆಯ್ತು. ಇವತ್ತು ಸಂಜೆ ಮಾಲೀಕರಿಗೆ ಬೀಗದ ಕೈ ಕೊಟ್ಟು ತಂಗಿ ಊರಿಗೆ ಹೊರಡ್ತಾಳೆ."

"ನಾನು ಒಪ್ಕೊಂಡೆ ಅಕ್ಕಾ! ಒಂದ್ಸಲ ಅಲ್ಲ, ಎರಡು ಸಲ ಹೂಂ ಅಂದೆ!"

"ಹೇಗಂದೆ? ಅಂದು ತೋರ್ಸು."

ಅವನು ಸೂಜಿ ಹೆಕ್ಕಿ ಬಾಯಲ್ಲಿಟ್ಟುಕೊಂಡು, ಆವತ್ತಿನ ಅದೇ ಅವಸರದಲ್ಲಿ ಅಂದು ತೋರಿಸಿದ. ಅಂಗಡಿಯ ತುಂಬ ಸ್ಪಷ್ಟವಾಗಿ ಕೇಳಿಸಿತು: ಊಂಹೂಂ.

ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಎರಡು ಹೂಂ ಸೇರಿದ್ರೆ ಊಂಹೂಂ ಆಗುತ್ತೆ ಕಣೋ. ಒಂದು ಹೂಂ ಹೆಚ್ಚಾಯ್ತು ನಿಂದು."

ಅತಿಯಾಸೆ ಗತಿಗೇಡು ಎನ್ನುತ್ತಾರಲ್ಲ, ಅದು ಹೂಂ ಎನ್ನುವುದಕ್ಕೂ ಅನ್ವಯಿಸುತ್ತದೆ ಎಂದು ಅವನಿಗೆ ಅಂದೇ ತಿಳಿದದ್ದು. "ಅಕ್ಕಾ, ನೀನೇ ಹೋಗಿ ಒಂದು ಮಾತು..." ಎಂದ.

"ಹುಟ್ಟಿದಾಗಿಂದ ನಿನ್ನ ಹೂಂಗೆಲ್ಲ ನಾನೇ ಅರ್ಥ ಹೇಳಿದ್ದೀನಿ. ಇದೊಂದಕ್ಕೆ ನೀನೇ ಹೇಳ್ಕೊ" ಎಂದು ಅಕ್ಕ ಮೆಟ್ಟಿಲು ಹತ್ತಿಬಿಟ್ಟಳು. ಮೇಲೆ ಹೋಗಿ ಸ್ವಲ್ಪ ಅತ್ತಳು, ಆದರೆ ತಮ್ಮನಿಗೆ ತೋರಿಸಲಿಲ್ಲ.

ದರ್ಜಿ ಬೀದಿಗಿಳಿದು ಗುಂಡಿಯಂಗಡಿಯ ಮುಂದೆ ನಿಂತ. ಒಳಗೆ ಆಕೆ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತು ಲೇಸು ಸುತ್ತುತ್ತಿದ್ದಳು. ತಲೆಯೆತ್ತಿ, "ಏನು ಬೇಕಿತ್ತು?" ಎಂದಳು. ಹೊಸ ಗಿರಾಕಿಯನ್ನು ಕೇಳಿದಂತೆ ಕೇಳಿದಳು. ಅದು ಅವನಿಗೆ ಯಾವ ಸೂಜಿಗಿಂತಲೂ ಚೆನ್ನಾಗಿ ಚುಚ್ಚಿತು. ಬಾಯಿ ತೆರೆದ. ವರ್ಷಗಟ್ಟಲೆ ಮುಚ್ಚಿದ್ದ ಬಾಯಲ್ಲವೇ, ಕೀಲು ತುಕ್ಕು ಹಿಡಿದಿತ್ತು.

"ಬಿಳಿ ದಾರ..." ಅಂದ.

ಆಕೆ ಬಿಳಿ ದಾರದ ಉಂಡೆ ಕೊಟ್ಟಳು. ಅವನು ದಾರ ತೆಗೆದುಕೊಂಡು ವಾಪಸು ಬಂದ. ಅವನ ಅಂಗಡಿಯಲ್ಲಿ ಬಿಳಿ ದಾರ ಒಂದು ಬುಟ್ಟಿ ತುಂಬ ಬಿದ್ದಿತ್ತು.

ಅಷ್ಟರಲ್ಲಿ ಸಂಸ್ಕೃತ ಮೇಷ್ಟ್ರು ಬಂದರು. ಕೆಲಸದಿಂದ ನಿವೃತ್ತರಾದರೂ ಮಾತಿನಿಂದ ಆಗಿರದ ಮನುಷ್ಯ. ಸಂಜೆ ಗ್ರಂಥಾಲಯದ ಸಭಾಂಗಣದಲ್ಲಿ ಅವರ ಉಪನ್ಯಾಸವಿತ್ತು. ಹಳೆಯ ಕೋಟು ಮೈಗೆ ದೊಡ್ಡದಾಗಿದೆ, ಪಕ್ಕ ಹಿಡಿದು ಚಿಕ್ಕದು ಮಾಡಿ ಕೊಡಬೇಕು ಎಂದರು. ದರ್ಜಿ ಅವರನ್ನು ಸ್ಟೂಲಿನ ಮೇಲೆ ಹತ್ತಿಸಿ, ಎರಡೂ ಕೈ ಅಗಲಕ್ಕೆ ಚಾಚಿಸಿ, ಕಂಕುಳ ಕೆಳಗೆ ಸೂಜಿ ಹಾಕತೊಡಗಿದ. ಕೈ ಇಳಿಸಿದರೆ ಚುಚ್ಚುತ್ತದೆ ಎಂದು ಕಣ್ಣಲ್ಲೇ ಎಚ್ಚರಿಸಿದ. ಮೇಷ್ಟ್ರಿಗೆ ಅದೇನೂ ಬೇಸರವಾಗಲಿಲ್ಲ. ಎದುರು ಮಾತಾಡದ ಶ್ರೋತೃ ಸಿಕ್ಕಿದ್ದಾನೆ, ಉಪನ್ಯಾಸವನ್ನು ಒಂದು ಸಲ ಒಪ್ಪಿಸಿ ನೋಡಬಹುದು.

"ನನ್ನ ವಿಷಯ ಓಂಕಾರ" ಎಂದು ಶುರುಮಾಡಿದರು. "ಓಂ ಅಂದ ಕೂಡ್ಲೇ ಜನ ಕಣ್ಣು ಮುಚ್ಕೋತಾರೆ. ಬ್ರಹ್ಮಾಂಡದ ನಾದ ಅಂತಾರೆ. ಅಕಾರ, ಉಕಾರ, ಮಕಾರ ಅಂತ ಬಿಡಿಸಿ ಎಚ್ಚರ, ಕನಸು, ನಿದ್ದೆ ಅಂತಾರೆ. ಎಲ್ಲಾ ಸರಿ, ನಾನು ಇಲ್ಲ ಅನ್ನಲ್ಲ. ಆದ್ರೆ ಉಪನಿಷತ್ತಿನಲ್ಲೇ ಇನ್ನೊಂದು ಅರ್ಥ ಇದೆ, ತುಂಬಾ ಸರಳ. ಓಂ ಅನ್ನೋದು ಅನುಜ್ಞಾಕ್ಷರ. ಅನುಜ್ಞೆ ಅಂದ್ರೆ ಒಪ್ಪಿಗೆ. ಆ ಕಾಲದಲ್ಲಿ ಯಾರಾದ್ರೂ ಏನಾದ್ರೂ ಕೇಳಿ, ಇವರಿಗೆ ಒಪ್ಪಿಗೆ ಇದ್ರೆ ಓಂ ಅಂತಿದ್ರು. ಕೊಡ್ತೀಯಾ? ಓಂ. ಬರ್ತೀಯಾ? ಓಂ."

"ಹೂಂ" ಅಂದ ದರ್ಜಿ, ಅಭ್ಯಾಸಬಲದಿಂದ.

"ಅದೇ! ಈಗ ನೀವಂದ್ರಲ್ಲ, ಅದೇ!" ಮೇಷ್ಟ್ರು ಸ್ಟೂಲಿನ ಮೇಲೆ ಕುಣಿಯುವುದೊಂದು ಬಾಕಿ. "ಓಂನಿಂದಲೇ ಹೂಂ ಹುಟ್ಟಿತು ಅಂತ ನಾನು ಹೇಳಲ್ಲಪ್ಪ. ಹಾಗಂದ್ರೆ ಭಾಷಾಶಾಸ್ತ್ರದವರು ಈ ಕೋಟನ್ನ ಮೈಮೇಲೇ ಹರೀತಾರೆ. ಮಾಡೋ ಕೆಲಸ ಒಂದೇ ಅಂತೀನಿ. ಮೇಲೆ ಇನ್ನೊಂದು ಮಾತು ಸೇರಿಸಿದ್ದಾರೆ ನೋಡಿ ಹಿರಿಯರು: ಈ ಒಪ್ಪಿಗೆ ಅನ್ನೋದೇ ಸಮೃದ್ಧಿ. ಯಾಕೆ ಹೇಳಿ? ಉಳ್ಳವನು ತಾನೇ ಹೂಂ ಅನ್ನೋದು? ಮನಸ್ಸು ತುಂಬಿದ್ರೆ ಮಾತ್ರ ಬಾಯಿಗೆ ಬರೋ ಮಾತು ಅದು."

ದರ್ಜಿಯ ಕೈ ನಿಂತಿತು. ಬಾಯಿಂದ ಸೂಜಿಗಳನ್ನು ಒಂದೊಂದಾಗಿ ತೆಗೆದು, ಮೊಳೆಯಲ್ಲಿ ತೂಗುತ್ತಿದ್ದ ಮೆತ್ತೆಗೆ ಚುಚ್ಚಿದ. ಅಂಗಡಿ ಶುರುವಾದಾಗಿನಿಂದ ಆ ಮೆತ್ತೆ ಸೂಜಿಯ ಮುಖ ಕಂಡಿದ್ದು ಅದೇ ಮೊದಲು.

"ಮೇಷ್ಟ್ರೇ, ಅದನ್ನ ಎಷ್ಟು ಸಲ ಹೇಳ್ಬೇಕು?"

ಮೇಷ್ಟ್ರಿಗೆ ಬೊಂಬೆಯೇ ಮಾತಾಡಿದಂತಾಯಿತು. "ಯಾವುದನ್ನ?"

"ಓಂ. ಒಪ್ಪಿಗೆ ಅನ್ನೋಕೆ."

"ಜಪಕ್ಕಾದ್ರೆ ಎಷ್ಟು ಬೇಕಾದ್ರೂ ಹೇಳಿ. ಒಪ್ಪಿಗೆಗೆ ಒಂದೇ. ಅದಕ್ಕೇ ಅದು ಏಕಾಕ್ಷರ. ಒಪ್ಪೋನು ಎರಡನೇ ಸಲ ಯಾಕೆ ಹೇಳ್ತಾನೆ? ಮೊದಲನೇದರ ಮೇಲೆ ಅವನಿಗೇ ನಂಬಿಕೆ ಇಲ್ದಿದ್ರೆ ತಾನೆ?"

ಇದು ನೇರವಾಗಿ ಎದೆಗೇ ನಾಟಿತು. ಹೌದು, ನಂಬಿಕೆಯೇ ಇರಲಿಲ್ಲ. ತನ್ನಂಥವನನ್ನು ಯಾರಾದರೂ ಕೇಳಿಯಾರು ಎಂದೂ ನಂಬಿರಲಿಲ್ಲ, ತಾನು ಅಂದದ್ದು ಯಾರಿಗಾದರೂ ಕೇಳಿಸೀತು ಎಂದೂ ನಂಬಿರಲಿಲ್ಲ. ದರ್ಜಿ ಹ್ಯಾಂಗರಿನಲ್ಲಿದ್ದ ನೀಲಿ ಕೋಟನ್ನು ಕಿತ್ತುಕೊಂಡು ಬೀದಿಗೆ ಓಡಿದ. ಮೇಷ್ಟ್ರು ಸ್ಟೂಲಿನ ಮೇಲೆ, ಎರಡೂ ಕೈ ಚಾಚಿಕೊಂಡು, ಓಂಕಾರದ ಮುಂದಿನ ಭಾಗಕ್ಕೆ ಬಾಯಿ ತೆರೆದವರು ಹಾಗೇ ಉಳಿದರು.

ಗುಂಡಿಯಂಗಡಿಯಲ್ಲಿ ಪೆಟ್ಟಿಗೆಗಳಿಗೆಲ್ಲ ಹಗ್ಗ ಬಿಗಿದಾಗಿತ್ತು. ಬೀಗದ ಕೈ ಗಲ್ಲಾದ ಮೇಲಿತ್ತು. ಆಕೆ ಕೊನೆಯ ಡ್ರಾಯರು ಒರೆಸುತ್ತಿದ್ದಳು.

"ಮತ್ತೆ ಬಿಳಿ ದಾರವೇ?"

"ಗುಂಡಿ ಬೇಕು. ಈ ಕೋಟಿಗೆ" ಎಂದ ದರ್ಜಿ. ಅವನ ದನಿ ಅಷ್ಟು ದಪ್ಪವಿದೆ ಎಂದು ಆಕೆಗೂ ಗೊತ್ತಿರಲಿಲ್ಲ. ಕೋಟನ್ನು ಗಲ್ಲಾದ ಮೇಲೆ ಹರಡಿದ.

ಗುಂಡಿ ಮಾರುವವರ ಕಣ್ಣು ಮೊದಲು ಕಾಜಾದ ಮೇಲೆ ಬೀಳುತ್ತದೆ. ಕೈಯಲ್ಲೇ ಹೊಲಿದ ಕಾಜಾಗಳು, ಒಂದೊಂದೂ ಅಕ್ಕಿಕಾಳು ಜೋಡಿಸಿಟ್ಟಷ್ಟು ನೀಟು. ಆಮೇಲೆ ಕಣ್ಣು ಭುಜಕ್ಕೆ ಹೋಯಿತು. ಬಲಗಡೆ ಕೂದಲೆಳೆಯಷ್ಟು ತಗ್ಗಿತ್ತು. ಆಕೆ ತನ್ನ ಬಲಭುಜವನ್ನು ಮುಟ್ಟಿಕೊಂಡಳು.

"ಯಾರದು ಕೋಟು?" ದನಿ ಸಣ್ಣಗಾಗಿತ್ತು.

"ನಿಮ್ದೇ. ನೀವು ಕೇಳಿದ ದಿನವೇ ಕತ್ತರಿ ಹಾಕಿದ್ದು. ನಾನು ಎರಡು ಸಲ ಹೂಂ ಅಂದೆ, ಅದು ಸೇರ್ಕೊಂಡು ಊಂಹೂಂ ಆಗೋಯ್ತು. ತಪ್ಪು ನಂದೇ." ದರ್ಜಿ ಗೋಡೆಯ ಬೋರ್ಡಿನ ಕಡೆ ಕೈ ತೋರಿಸಿದ. "ಕತ್ತರಿಸಿದ್ದು ವಾಪಸು ಇಲ್ಲ ಅಂತ ನೀವೇ ಬರೆಸಿದ್ದೀರಿ. ಇನ್ನೊಂದ್ಸಲ ಕೇಳಿ ನನ್ನ. ದಯವಿಟ್ಟು."

ಆಕೆ ಮೊದಲು ಅವನ ಬಾಯಿಯನ್ನೇ ನೋಡಿದಳು. ಒಂದು ಸೂಜಿಯೂ ಇರಲಿಲ್ಲ. ಮೀಸೆಯ ಕೆಳಗೆ ಅಷ್ಟು ಚಂದದ ತುಟಿ ಇದೆ ಎಂಬುದನ್ನು ಈಗಷ್ಟೇ ಕಂಡಳು. ಆಮೇಲೆ ಒರೆಸುವ ಬಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದಳು.

"ಟೈಲರ್ರೇ, ನನ್ನ ಮದುವೆ ಆಗೋಕೆ ನಿಮಗೆ ಒಪ್ಪಿಗೆನಾ?"

"ಓಂ" ಎಂದ ದರ್ಜಿ.

ಒಂದೇ ಸಲ ಅಂದ. ಇನ್ನೊಂದು ನಾಲಿಗೆಯ ತುದಿವರೆಗೆ ಬಂದಿತ್ತು, ಅದನ್ನು ನುಂಗಿಕೊಂಡ.

"ಇದೇನ್ರೀ ಇದು! ದೇವರನ್ನ ಕರೆಯೋಷ್ಟು ಭಯ ಆಯ್ತಾ?"

"ಭಯ ಅಲ್ಲ. ಓಂ ಅಂದ್ರೆ ಒಪ್ಪಿಗೆ ಅಂತ, ಹಳೇ ಕಾಲದ ಅರ್ಥ. ಹೂಂನ ಹಾಗೆ ಎಡವಟ್ಟಾಗಲ್ಲ ಅಂತ ಇದನ್ನೇ ಅಂದೆ. ಮನಸ್ಸು ತುಂಬಿದ್ರೆ ಮಾತ್ರ ಬಾಯಿಗೆ ಬರುತ್ತಂತೆ. ನನಗೆ ತುಂಬಿ ಎಷ್ಟೋ ವರ್ಷ ಆಗಿದೆ, ಬಾಯಿ ಖಾಲಿ ಇರ್ಲಿಲ್ಲ ಅಷ್ಟೆ."

ಅದು ಅವನು ಜೀವಮಾನದಲ್ಲಿ ಆಡಿದ ಅತಿ ಉದ್ದದ ಮಾತು. ಆಕೆ ನಕ್ಕಳು. ಡ್ರಾಯರುಗಳು ಅದುರಿದವು, ಹಗ್ಗ ಬಿಗಿದ ಪೆಟ್ಟಿಗೆಗಳ ಒಳಗೆ ಗುಂಡಿಗಳೆಲ್ಲ ಗಲಗಲ ಅಂದವು. ನಗುತ್ತಲೇ ಕಣ್ಣೊರೆಸಿಕೊಂಡು, ಕೋಟು ತೊಟ್ಟು, ಜೇಬಿನೊಳಗೆ ಕೈ ಹಾಕಿ ನೋಡಿದಳು. ಜೇಬು ಆಳವಾಗಿತ್ತು. ಗಲ್ಲಾದ ಮೇಲಿನ ಬೀಗದ ಕೈಯನ್ನು ತೆಗೆದು ಅದರೊಳಗೆ ಹಾಕಿಕೊಂಡಳು. "ಮಾಲೀಕರಿಗೆ ಬರಬೇಡಿ ಅಂತ ಫೋನ್ ಮಾಡ್ತೀನಿ. ತಂಗಿಗೂ. ಮೊದಲು ಗುಂಡಿ."

ಬಿಗಿದ ಪೆಟ್ಟಿಗೆಯೊಂದನ್ನು ಬಿಚ್ಚಿ ಒಂದು ಪೊಟ್ಟಣ ತೆಗೆದಳು. ಕಡುನೀಲಿಗೆ ಹೊಂದುವ ಚಿಪ್ಪಿನ ಗುಂಡಿ, ಯಾವ ಗಿರಾಕಿಗೂ ತೋರಿಸದೆ ಇಟ್ಟುಕೊಂಡಿದ್ದದ್ದು. ಇಬ್ಬರೂ ಒಳ್ಳೆಯದನ್ನು ಬಚ್ಚಿಟ್ಟುಕೊಂಡೇ ಬಾಳಿದವರು ನೋಡಿ. ಕೋಟು ಮೈಮೇಲಿರುವಂತೆಯೇ ಆಕೆ ಮೊದಲ ಗುಂಡಿ ಹೊಲಿಯತೊಡಗಿದಳು. ದಾರದ ತುದಿ ಹಲ್ಲಿನ ನಡುವೆ ಇತ್ತು.

"ಈಗ ನನ್ನ ಸರದಿ" ಎಂದ ದರ್ಜಿ. "ನಿಮಗೆ ಇನ್ನೂ ಒಪ್ಪಿಗೆ ಇದೆಯಾ?"

"ಹೂಂ" ಎಂದಳು ಆಕೆ, ಹಲ್ಲಲ್ಲಿ ದಾರ ಕಚ್ಚಿಕೊಂಡೇ.

"ಊಂಹೂಂ, ಹಾಗೆಲ್ಲ ಆಗಲ್ಲ. ದಾರ ತೆಗೆದು ಹೇಳಿ."

ಆಕೆ ದಾರವನ್ನು ಕಟ್ಟೆಂದು ಕಡಿದು, ಅವನ ಕಣ್ಣನ್ನೇ ನೋಡುತ್ತ, "ಓಂ" ಎಂದಳು. ಮೇಲಿನ ಮನೆಯ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕಿವಿ ನೆಟ್ಟಿದ್ದ ಅಕ್ಕನಿಗೂ ಅದು ಕೇಳಿಸಿತು. ಜೀವಮಾನದಲ್ಲಿ ಮೊದಲ ಸಲ ಭಾಷ್ಯದ ಅಗತ್ಯ ಬೀಳಲಿಲ್ಲ.

ಆಕೆ ಮತ್ತೆ ದಾರ ಕಚ್ಚಿ ಎರಡನೆಯ ಗುಂಡಿಗೆ ಕೈ ಹಾಕಿದಳು. ದರ್ಜಿ ಕೋಟಿನ ಅಂಚು ಒಂದೆಳೆ ಏರಿಸಬೇಕು ಎಂದು ಮಂಡಿಯೂರಿದ. ಎಷ್ಟಾದರೂ ಹಳೆಯ ಚಾಳಿ, ಗಲ್ಲಾದ ಮೇಲಿದ್ದ ಗುಂಡುಸೂಜಿಗಳು ತಾವಾಗಿಯೇ ಅವನ ತುಟಿಗೆ ಸೇರಿದ್ದವು. ಆಗ ಚಿಲಕ ಹಾಕಿದ್ದ ನಡುಬಾಗಿಲಿನ ಆಚೆಯಿಂದ ಮೇಷ್ಟ್ರ ಬಳಲಿದ ದನಿ ಕೇಳಿಸಿತು.

"ಯಾರಿದ್ದೀರಿ ಅಲ್ಲಿ? ನಾನು ಕೈ ಇಳಿಸ್ಬಹುದಾ?"

"ಹೂಂ" ಎಂದಳು ಗುಂಡಿಯಂಗಡಿಯಾಕೆ. "ಹೂಂ" ಎಂದ ದರ್ಜಿ, ಆಕೆಯ ಮಾತಿನ ಬೆನ್ನಿಗೇ.

ಬಾಗಿಲಿನ ಆಚೆ ಮೇಷ್ಟ್ರು ನಿಟ್ಟುಸಿರು ಬಿಟ್ಟು, ಚಾಚಿದ ಕೈಗಳನ್ನು ಇನ್ನೂ ಸ್ವಲ್ಪ ಮೇಲೆತ್ತಿದರು.